ಮೂಳೆಯ ಸೋಂಕಿಗೆ ಗುಳಿಗೆ ಸಾಕೇ?

ಮೂಳೆ, ಕೀಲುಗಳ ಸೋಂಕಿಗೆ ವಾರಗಟ್ಟಲೆ ರಕ್ತನಾಳದ ಮೂಲಕವೇ ಪ್ರತಿಜೈವಿಕ ಕೊಡಬೇಕೆಂಬುದು ಹಳೆಯ ರೂಢಿ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಒವಿವಾ’ ಪ್ರಯೋಗ ಇದನ್ನು ಅಲುಗಾಡಿಸಿತು. 1054 ರೋಗಿಗಳನ್ನು ಎರಡು ಗುಂಪು ಮಾಡಿ, ಮೊದಲ ಆರು ವಾರ ಒಂದಕ್ಕೆ ರಕ್ತನಾಳದ ಮೂಲಕ, ಇನ್ನೊಂದಕ್ಕೆ ಬಾಯಿಯ ಮೂಲಕ ಔಷಧಿ ಕೊಡಲಾಯಿತು. ವರ್ಷದೊಳಗೆ ಚಿಕಿತ್ಸೆ ವಿಫಲವಾದದ್ದು ಕ್ರಮವಾಗಿ ಶೇಕಡಾ 14.6 ಮತ್ತು 13.2. ಗುಳಿಗೆಯೇ ಮೇಲೆಂದಲ್ಲ, ಕಡಿಮೆಯೇನಲ್ಲ ಎಂದಷ್ಟೇ ಅರ್ಥ.

ಕೆಲಸ ಅಚ್ಚುಕಟ್ಟು, ಒಪ್ಪೋಣ. ಆದರೆ ಹೆಚ್ಚಿನವರಿಗೆ ಮೊದಲೇ ಶಸ್ತ್ರಚಿಕಿತ್ಸೆಯಾಗಿತ್ತು. ರಕ್ತ ಹರಿಯದ ಸತ್ತ ಮೂಳೆಯೊಳಕ್ಕೆ ಯಾವ ದಾರಿಯ ಔಷಧಿಯೂ ಸರಿಯಾಗಿ ತಲಪದು. ಇನ್ನೂ ಮುಖ್ಯವಾದದ್ದು ಆಯ್ಕೆಯ ನಿಯಮ. ರಕ್ತನಾಳದ ಔಷಧಿಗೆ ಮಾತ್ರ ಬಗ್ಗುವ ಬ್ಯಾಕ್ಟೀರಿಯ ಇದ್ದವರನ್ನು ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಆಸ್ಪತ್ರೆಯಲ್ಲಿ ಅಂಟುವ ಬಹುಔಷಧ ನಿರೋಧಕ ತಳಿಗಳಲ್ಲಿ ಇಂಥವೂ ಇವೆ. ಅವುಗಳ ಬಗ್ಗೆ ಈ ಅಂಕಿಗಳು ಏನನ್ನೂ ಹೇಳುವುದಿಲ್ಲ.