ಯೆರೂಸಲೇಮಿಗೆ ಏರುವ ದಾರಿಗಳು

ಬೈಬಲಿನ ಯೆಹೋಶುವನ ಗ್ರಂಥದಲ್ಲಿ 15ನೇ ಅಧ್ಯಾಯದ ಬಹುಭಾಗವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಯೆಹೂದ ಕುಲದ ಪಾಲಿಗೆ ಬಂದ ಊರುಗಳ ಹೆಸರುಗಳು ಅಲ್ಲಿ ಸಾಲುಸಾಲಾಗಿ ಬರುತ್ತವೆ, ಕಥೆ ಕಡಿಮೆ. ಹಳೆಯ ನಾಡುಗಳನ್ನು ಭೂಪಟ ಹಿಡಿದು ಓದುವ ಹವ್ಯಾಸದವರಿಗೆ ಮಾತ್ರ ಇದಕ್ಕಿಂತ ರುಚಿಯಾದ ಅಧ್ಯಾಯ ಸಿಗುವುದು ಕಷ್ಟ. ಅಜೇಕಾ, ಸೋಕೋ, ಲಾಕೀಷ್, ಮಾರೇಷಾ ಎಂದು ಒಂದೊಂದಾಗಿ ಗುರುತು ಹಾಕುತ್ತ ಹೋದರೆ ಶೆಫೆಲಾ ಪ್ರದೇಶ ಕಣ್ಣಮುಂದೆ ಮೂಡುತ್ತದೆ.

ಪಶ್ಚಿಮಕ್ಕೆ ಮೆಡಿಟರೇನಿಯನ್ ಕರಾವಳಿಯ ಬಯಲು, ಪೂರ್ವಕ್ಕೆ ಯೆರೂಸಲೇಮ್, ಹೆಬ್ರೋನ್‌ಗಳಿರುವ ಬೆಟ್ಟಸಾಲು. ನಡುವಿನ ತಗ್ಗು ಗುಡ್ಡಗಳೇ ಶೆಫೆಲಾ. ಬಯಲಲ್ಲಿ ಫಿಲಿಷ್ಟಿಯರು, ಬೆಟ್ಟದಲ್ಲಿ ಯೆಹೂದದ ಅರಸರು. ಅಯ್ಯಾಲೋನ್, ಸೋರೇಕ್, ಏಲಾ, ಗುವ್ರಿನ್, ಲಾಕೀಷ್ ಕಣಿವೆಗಳು ಈ ಗುಡ್ಡಗಳನ್ನು ಅಡ್ಡಡ್ಡಲಾಗಿ ಸೀಳಿವೆ. ಕಡಲ ಕಡೆಯಿಂದ ಬೆಟ್ಟ ಏರಬೇಕಾದವರಿಗೆ ಇವೇ ದಾರಿ. ದಾವೀದ ಗೊಲ್ಯಾತರ ಕಾಳಗದ ಕಥೆ ಏಲಾ ಕಣಿವೆಯಲ್ಲಿ, ಸೋಕೋ ಅಜೇಕಾಗಳ ಹತ್ತಿರ ನಡೆಯುವುದು ಸುಮ್ಮನೆ ಅಲ್ಲ. ಕಥೆ ಎಷ್ಟು ನಿಜ ಎಂಬ ವಾದ ಏನೇ ಇರಲಿ, ಫಿಲಿಷ್ಟಿಯರೂ ಯೆಹೂದದವರೂ ಎದುರುಬದುರಾಗಬೇಕಾದ ಜಾಗ ಅದು. 1892ರಲ್ಲಿ ಯಾಫಾದಿಂದ ಯೆರೂಸಲೇಮಿಗೆ ಓಡಿದ ರೈಲೂ ಸೋರೇಕ್ ಕಣಿವೆಯನ್ನೇ ಹಿಡಿದು ಮೇಲೇರಿತು.

ಇಲ್ಲಿನ ಸುಣ್ಣಕಲ್ಲು ಮೆತ್ತನೆಯದು. ಮೇಲಿನ ಗಟ್ಟಿ ಪದರ ಒಡೆದರೆ ಒಳಗೆ ಸುಲಭವಾಗಿ ಕೊರೆಯಬಹುದು. ಮಾರೇಷಾದ ಜನ ನೆಲದಡಿಯಲ್ಲೇ ನೀರಿನ ತೊಟ್ಟಿ, ಎಣ್ಣೆಗಾಣ, ಪಾರಿವಾಳದ ಗೂಡುಗಳನ್ನು ಕೊರೆದಿದ್ದರು. ಆ ಗುಹೆಗಳು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಆದರೆ ಶೆಫೆಲಾದ ಬೆಲೆ ಏನೆಂದು ತಿಳಿಯಲು ಲಾಕೀಷಿಗೇ ಬರಬೇಕು. ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಅರಸ ಸನ್ಹೇರೀಬ ಯೆಹೂದದ ಅರಸ ಹಿಜ್ಕೀಯನ ಮೇಲೆ ದಂಡೆತ್ತಿ ಬಂದಾಗ ಈ ಊರಿಗೆ ಮುತ್ತಿಗೆ ಹಾಕಿದ. ಊರಿದ್ದ ದಿಬ್ಬದ ಸುತ್ತ ಕಡಿದಾದ ಇಳಿಜಾರು. ನೈಋತ್ಯ ಮೂಲೆಯಲ್ಲಿ ಮಾತ್ರ ಅದು ಪಕ್ಕದ ಗುಡ್ಡಕ್ಕೆ ಕೂಡಿಕೊಂಡಿದೆ. ಅಸ್ಸೀರಿಯದವರು ಕಲ್ಲು ಸುರಿದು ಏರು ಕಟ್ಟಿದ್ದು ಅಲ್ಲಿಯೇ. ಆ ಕಲ್ಲಿನ ರಾಶಿ ಇಂದಿಗೂ ಇದೆ. ಗೆಲುವನ್ನು ಸನ್ಹೇರೀಬ ನಿನೆವೆಯ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿದ. ಆ ಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗೋಡೆ ಒಡೆಯುವ ಯಂತ್ರ ಏರಿನ ಮೇಲೆ ನಿಂತಿದೆ, ಕೋಟೆಯಿಂದ ಕೊಳ್ಳಿಗಳು ಬೀಳುತ್ತಿವೆ, ಯಂತ್ರಕ್ಕೆ ಬೆಂಕಿ ಹತ್ತದಂತೆ ಸೈನಿಕನೊಬ್ಬ ಉದ್ದ ಹಿಡಿಕೆಯ ಸೌಟಿನಿಂದ ನೀರು ಸುರಿಯುತ್ತಿದ್ದಾನೆ. ಇನ್ನೊಂದೆಡೆ ಎತ್ತಿನ ಗಾಡಿಯಲ್ಲಿ ಗಂಟುಮೂಟೆ, ಅದರ ಮೇಲೆ ಹೆಂಗಸರು ಮಕ್ಕಳು. ಊರು ಬಿಟ್ಟು ಹೊರಟಿದ್ದಾರೆ. ಗೆದ್ದವನು ತನ್ನ ಬಿಂಕಕ್ಕೆ ಕೆತ್ತಿಸಿದ ಚಿತ್ರದಲ್ಲಿ ಸೋತವರ ಸಂಕಟ ಇಷ್ಟು ಸ್ಪಷ್ಟವಾಗಿ ಉಳಿದ ಉದಾಹರಣೆ ಪ್ರಾಚೀನ ಜಗತ್ತಿನಲ್ಲಿ ಅಪರೂಪ.

ಲಾಕೀಷ್ ಒಂದರಲ್ಲೇ ಯೆಹೂದದ ಅರಸನ ಮುದ್ರೆಯೊತ್ತಿದ 400ಕ್ಕೂ ಹೆಚ್ಚು ಜಾಡಿಯ ಹಿಡಿಕೆಗಳು ಸಿಕ್ಕಿವೆ. ಅವುಗಳ ಮಣ್ಣು ಶೆಫೆಲಾದ್ದೇ ಎಂದು ಪರೀಕ್ಷೆಗಳು ತೋರಿಸಿವೆ. 1973ರಿಂದ ಇಲ್ಲಿ ಅಗೆದ ಪುರಾತತ್ವಜ್ಞ ಡೇವಿಡ್ ಉಸಿಷ್ಕಿನ್, ಇಂಥ ಜಾಡಿಗಳಿದ್ದ ಸುಟ್ಟ ಪದರವೇ 701ರ ನಾಶದ್ದು ಎಂದು ಗಟ್ಟಿಯಾಗಿ ತೋರಿಸಿಕೊಟ್ಟರು. ಸುತ್ತಲಿನ ಎಷ್ಟೋ ಊರುಗಳ ಕಾಲ ನಿರ್ಣಯಕ್ಕೆ ಅಳತೆಗೋಲಾದದ್ದು ಆ ಪದರ.

ಮತ್ತೆ ಕಟ್ಟಿದ ಊರನ್ನು ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ನೆಬೂಕದ್ನೆಚ್ಚರನ ಸೇನೆ ಸುಟ್ಟಿತು. ಊರಬಾಗಿಲ ಬಳಿಯ ಕೋಣೆಯ ಬೂದಿಯಲ್ಲಿ 1935ರಲ್ಲಿ ಪುರಾತತ್ವಜ್ಞ ಜೇಮ್ಸ್ ಸ್ಟಾರ್ಕಿಯ ತಂಡಕ್ಕೆ ಮಡಕೆ ಚೂರುಗಳ ಮೇಲೆ ಮಸಿಯಲ್ಲಿ ಬರೆದ ಓಲೆಗಳು ಸಿಕ್ಕವು. ಲಾಕೀಷಿನ ಬೆಂಕಿ ಸಂಕೇತಕ್ಕಾಗಿ ಕಾಯುತ್ತಿದ್ದೇವೆ, ಅಜೇಕಾ ಕಾಣಿಸುತ್ತಿಲ್ಲ ಎಂಬರ್ಥದ ಮಾತು ಒಂದರಲ್ಲಿದೆ. ಅಷ್ಟರಲ್ಲಿ ಅಜೇಕಾ ಬಿದ್ದಿತ್ತು ಎಂದು ಕೆಲವು ವಿದ್ವಾಂಸರು. ಬರೆದವನು ನಿಂತಿದ್ದ ಜಾಗದಿಂದ ಅದು ಕಾಣುತ್ತಲೇ ಇರಲಿಲ್ಲ ಎಂದು ಇನ್ನು ಕೆಲವರು. ಗುಡ್ಡಗಳ ಎತ್ತರ ತೋರಿಸುವ ಒಳ್ಳೆಯ ಪಟವೊಂದಿದ್ದರೆ ಓದುಗರೂ ಈ ಚರ್ಚೆಗೆ ಇಳಿಯಬಹುದು: ಲಾಕೀಷ್ ಕಂಡು ಅಜೇಕಾ ಮರೆಯಾಗುವ ದಿಬ್ಬಗಳು ಯಾವುವು ಎಂದು ಹುಡುಕುವುದರಿಂದ ಆರಂಭಿಸಬೇಕು.