ದೇವರ ಚಿತ್ತ ಮತ್ತು ಹಿರಿಯರ ಅಪ್ಪಣೆ

ಗಲಿಲಾಯದ ಹಳ್ಳಿಯೊಂದರಲ್ಲಿ ಹುಟ್ಟಿದ ಮರಿಯಂ ಬವಾರ್ಡಿ 1871ರ ನವೆಂಬರ್ 21ರಂದು ಮಂಗಳೂರಿನ ಕಾರ್ಮೆಲ್ ಮಠದಲ್ಲಿ ವ್ರತ ಸ್ವೀಕರಿಸಿದಳು. ಮರುವರ್ಷವೇ ಆಕೆಯನ್ನು ಫ್ರಾನ್ಸಿನ ಪೋ ಪಟ್ಟಣದ ಮಠಕ್ಕೆ ವಾಪಸು ಕಳಿಸಿದರು. ಆಕೆಯ ಭಾವಪರವಶತೆ ದೇವರಿಂದ ಬಂದದ್ದಲ್ಲವೆಂಬ ಶಂಕೆ ಮಠದ ಹಿರಿಯರಿಗೂ ಬಿಷಪರಿಗೂ ಹುಟ್ಟಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು. ಇಂಥ ಕತೆಗಳಲ್ಲಿ ಭಕ್ತರು ಮೆಚ್ಚುವುದು ಶರಣಾಗತಿಯನ್ನು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ಹಿರಿಯರ ತಪ್ಪು ತೀರ್ಪೂ ದೇವರ ಚಿತ್ತವೇ?

ಕಥೋಲಿಕ ಪರಂಪರೆಗೆ ಈ ತೊಡಕು ಗೊತ್ತಿಲ್ಲದೇನಿಲ್ಲ. ಸಂತ ಫ್ರಾನ್ಸಿಸ್ ದ ಸಾಲ್ 1616ರ ತಮ್ಮ ದೈವಪ್ರೀತಿಯ ಗ್ರಂಥದಲ್ಲಿ ದೇವರ ಚಿತ್ತವನ್ನು ಎರಡಾಗಿ ವಿಂಗಡಿಸಿದರು. ಆಜ್ಞೆ, ಉಪದೇಶಗಳ ಮೂಲಕ ಮೊದಲೇ ತಿಳಿಸಿದ್ದು ಒಂದು, ಅದನ್ನು ನಡೆಸಬೇಕು. ಕಾಯಿಲೆ, ಸಾವು, ಸೋಲುಗಳ ರೂಪದಲ್ಲಿ ನಡೆದುಹೋದ ಮೇಲೆ ತಿಳಿಯುವುದು ಇನ್ನೊಂದು, ಅದನ್ನು ಒಪ್ಪಿಕೊಳ್ಳಬೇಕು. ಗೊಂದಲ ಶುರುವಾಗುವುದು ಮಠಾಧಿಕಾರಿಣಿಯ ಅಪ್ಪಣೆಯಲ್ಲಿ. ಅದು ಮನುಷ್ಯರ ತೀರ್ಮಾನ, ಬದಲಾಯಿಸಬಹುದಾದದ್ದು. ಆದರೂ ಮಠದ ರೂಢಿಯಲ್ಲಿ ಅದು ಜ್ವರದಂತೆ, ಮಳೆಯಂತೆ ಮೇಲಿನಿಂದ ಬಂದದ್ದೆನಿಸಿಕೊಂಡುಬಿಡುತ್ತದೆ. ಯೇಸುಸಭೆಯ, ಅಂದರೆ ಜೆಸುಯಿಟರ, ಸ್ಥಾಪಕ ಇಗ್ನೇಷಿಯಸರ ಸಂವಿಧಾನದಲ್ಲಿ ಬರುವ, ವಿಧೇಯನಾದವನು ಹಿರಿಯರ ಕೈಯಲ್ಲಿ ಶವದಂತಿರಬೇಕೆಂಬ ಉಪಮೆ ಎಲ್ಲರಿಗೂ ನೆನಪಿದೆ. 1553ರಲ್ಲಿ ವಿಧೇಯತೆಯ ಕುರಿತು ಬರೆದ ಪತ್ರದಲ್ಲಿ ಅವರೇ, ಪ್ರಾರ್ಥಿಸಿದ ಬಳಿಕ ತನ್ನ ಭಿನ್ನಾಭಿಪ್ರಾಯವನ್ನು ಹಿರಿಯರ ಮುಂದಿಡಬಹುದೆಂದು ಹೇಳಿದ್ದು ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ಶರಣಾಗತಿ ಅತಿಗೆ ಹೋದರೆ ಏನಾಗುತ್ತದೆಂಬ ಭಯ ರೋಮಿಗೂ ಇತ್ತು. 1687ರಲ್ಲಿ ಸ್ಪೇನಿನ ಪಾದ್ರಿ ಮೊಲಿನೋಸನ 68 ವಾಕ್ಯಗಳನ್ನೂ 1699ರಲ್ಲಿ ಫ್ರಾನ್ಸಿನ ಆರ್ಚ್‌ಬಿಷಪ್ ಫೆನೆಲೊ ಅವರ 23 ವಾಕ್ಯಗಳನ್ನೂ ಖಂಡಿಸಲಾಯಿತು. ತನಗಾಗಿ ಏನನ್ನೂ ಬಯಸದ ಪ್ರೀತಿಯನ್ನು ಬೋಧಿಸಿದ ಫೆನೆಲೊ ಆ ಖಂಡನೆಗೂ ಬಹಿರಂಗವಾಗಿ ತಲೆಬಾಗಿದರು! ಅನಂತರ ಬಂದ ಜೆಸುಯಿಟ್ ಕೊಸಾದ್ ನಾನ್ಸಿಯ ಸನ್ಯಾಸಿನಿಯರಿಗೆ ಪತ್ರಗಳಲ್ಲಿ ಮಾರ್ಗದರ್ಶನ ಮಾಡಿದರು. ಅವರ ಹೆಸರಿನ ಪುಸ್ತಕ ಅಚ್ಚಾದದ್ದು 1861ರಲ್ಲಿ. ಅದರ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ. ಆದರೆ ಕೈಯಲ್ಲಿರುವ ಈ ಕ್ಷಣದ ಕರ್ತವ್ಯದಲ್ಲೇ ದೇವರನ್ನು ಕಾಣಬೇಕೆಂಬ ಅದರ ಮಾತಿಗೆ ಇಂದಿಗೂ ಕಸುವಿದೆ.

ಆ ಮಾತಿನ ನಿಜವಾದ ಪರೀಕ್ಷೆ ನಡೆದದ್ದು ಸೋವಿಯತ್ ಸೆರೆಮನೆಯಲ್ಲಿ. ಅಮೆರಿಕದ ಜೆಸುಯಿಟ್ ಪಾದ್ರಿ ವಾಲ್ಟರ್ ಸಿಜೆಕ್ 1940ರಲ್ಲಿ ಸುಳ್ಳು ಹೆಸರಿಟ್ಟುಕೊಂಡು, ಕೂಲಿಯಾಳಾಗಿ ಸೋವಿಯತ್ ನೆಲಕ್ಕೆ ಹೋದರು. ಮರುವರ್ಷ ಬಂಧನ, ಆಮೇಲೆ ಮಾಸ್ಕೋದ ಲುಬ್ಯಾಂಕಾ ಸೆರೆಮನೆ. ತಿಂಗಳುಗಟ್ಟಲೆ ವಿಚಾರಣೆ ನಡೆಸಿ, ಹೆದರಿಸಿ, ತಪ್ಪೊಪ್ಪಿಗೆಯ ಹಾಳೆಗಳಿಗೆ ಸಹಿ ಹಾಕಿಸಿಕೊಂಡರು. ತಾನು ಗಟ್ಟಿಗನೆಂದು ನಂಬಿದ್ದ ಸನ್ಯಾಸಿಗೆ ಆ ಸಹಿ ದೊಡ್ಡ ಅವಮಾನವಾಯಿತು. ಅಷ್ಟು ದಿನ ನೆಚ್ಚಿಕೊಂಡಿದ್ದು ದೇವರನ್ನಲ್ಲ, ತನ್ನ ಛಲವನ್ನು ಎಂದು ಅವರಿಗೆ ಹೊಳೆದದ್ದು ಆಗ. ಎಲ್ಲವನ್ನೂ ದೇವರಿಗೆ ಒಪ್ಪಿಸಿದ ಮೇಲೆ, ತಮಗಾಗಿ ಕೆಲಸ ಮಾಡೆಂದು ಅಧಿಕಾರಿಗಳು ಒತ್ತಾಯಿಸಿದಾಗ ಅವರು ಒಪ್ಪಲಿಲ್ಲ. ಹದಿನೈದು ವರ್ಷಗಳ ಶಿಕ್ಷೆಯನ್ನು ಸೆರೆಮನೆಯಲ್ಲೂ ಸೈಬೀರಿಯಾದ ಶ್ರಮಶಿಬಿರಗಳಲ್ಲೂ ಅನುಭವಿಸಿ, 1963ರಲ್ಲಿ ಊರಿಗೆ ಮರಳಿದರು. ಹತ್ತು ವರ್ಷದ ಬಳಿಕ ಬಂದ ಅವರ ಪುಸ್ತಕವನ್ನು ಶರಣಾಗತಿಯ ಪಾಠವೆಂದು ಓದುವವರು ಆ ನಿರಾಕರಣೆಯನ್ನು ಹಾರಿಸಿ ಓದುತ್ತಾರೆ. ದೇವರ ಚಿತ್ತಕ್ಕೆ ಒಪ್ಪಿಕೊಂಡದ್ದರಿಂದಲೇ ಅವರಿಗೆ ಮನುಷ್ಯರ ಅಪ್ಪಣೆಗೆ ಒಲ್ಲೆನೆನ್ನುವ ಧೈರ್ಯ ಬಂತು.

1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಜೀವನದ ಕುರಿತು ಹೊರಡಿಸಿದ ಶಾಸನ, ಹಿರಿಯರು ಕೈಕೆಳಗಿನವರ ಮಾತನ್ನು ಮನಸಾರೆ ಕೇಳಬೇಕೆಂದಿತು. ಕೊನೆಯ ತೀರ್ಮಾನದ ಹಕ್ಕನ್ನು ಮಾತ್ರ ಹಿರಿಯರಲ್ಲೇ ಉಳಿಸಿತು. ಇದು ಅರೆಬರೆ ಸುಧಾರಣೆ. ಅಧಿಕಾರವಿರಬಾರದೆಂದು ನಾನು ಹೇಳುತ್ತಿಲ್ಲ; ಮಠ ನಡೆಯಬೇಕಾದರೆ ಯಾರಾದರೊಬ್ಬರು ತೀರ್ಮಾನಿಸಲೇಬೇಕು. ಆ ತೀರ್ಮಾನ ತಪ್ಪಿರಬಹುದೆಂದು ಬಾಯಿಬಿಟ್ಟು ಹೇಳುವ ಜಾಗ ಪ್ರಾರ್ಥನೆಯ ಪುಸ್ತಕಗಳಲ್ಲೂ ಬೇಕು, ಕಾನೂನಿನ ಪುಸ್ತಕದಲ್ಲಿ ಮಾತ್ರ ಇದ್ದರೆ ಸಾಲದು. ಮಠಕ್ಕೆ ಹೊಸದಾಗಿ ಸೇರುವ ಹುಡುಗಿಯರ ಕೈಗೆ ಕೊಸಾದರ ಪುಸ್ತಕ ಕೊಡುವವರು ಅದರ ಜೊತೆಗೆ ಸಿಜೆಕರ ಪುಸ್ತಕವನ್ನೂ ಕೊಡಲಿ.