ಸಾಸವಡದ ಮನೆಗಳೂ ಮನೆಮಂದಿಯ ಕೈಗೆಲಸವೂ

ಪುಣೆಯಿಂದ ಹೊರಟು ದಿವೇ ಘಾಟಿನ ತಿರುವುಗಳನ್ನು ಏರಿದ ಮೇಲೆ ಎದುರಾಗುವ ಪುರಂದರ ತಾಲೂಕಿನ ಬಯಲಿನಲ್ಲಿ, ಕರ್ಹಾ ನದಿಯ ದಂಡೆಯ ಮೇಲೆ, ಸಾಸವಡವೆಂಬ ಹಳೆಯ ಪೇಟೆಯಿದೆ. ಸಂತ ಸೋಪಾನದೇವರ ಸಮಾಧಿಯಿಂದಲೂ, ಪೇಶವೆಯರ ಕಾಲದ ಪುರಂದರೆ ಮನೆತನದ ವಾಡೆಯಿಂದಲೂ, ಸುತ್ತಲಿನ ಹಳ್ಳಿಗಳ ಅಂಜೂರ ಸೀತಾಫಲಗಳಿಂದಲೂ ಪ್ರಸಿದ್ಧವಾದ ಈ ಊರಿನಲ್ಲಿ, ಪ್ರಸಿದ್ಧಿಯ ಹಂಗಿಲ್ಲದೆ ವರ್ಷಕ್ಕೆ ಎರಡು ಸಲ ನಡೆದುಕೊಂಡು ಬಂದಿರುವ ಒಂದು ಪದ್ಧತಿ ನನಗೆ ಬಹುಕಾಲದಿಂದ ವಿಚಾರಾರ್ಹವಾಗಿ ತೋರಿದೆ. ಅದಾವುದೆಂದರೆ, ಮನೆಯ ಹಿರಿಯರು, ಸೊಸೆಯಂದಿರು, ಮಕ್ಕಳು ಎಲ್ಲರೂ ಸೊಂಟ ಕಟ್ಟಿ ನಿಂತು ತಮ್ಮ ಮನೆಯನ್ನು ತಾವೇ ದುರಸ್ತಿ ಮಾಡಿಕೊಳ್ಳುವುದು. ವಿಜಾಪುರ ಸೊಲ್ಲಾಪುರಗಳ ಕಡೆಯಿಂದ ಬಂದು ಪುಣೆಯ ಆಸುಪಾಸಿನಲ್ಲಿ ನೆಲೆಸಿದ ಕನ್ನಡ ಮನೆತನಗಳಿಗೆ ಇದು ಪರಕೀಯವಾದ ಆಚಾರವಲ್ಲ. ಊರಲ್ಲಿ ಬಿಟ್ಟುಬಂದ ಕೆಲಸವೇ ಇಲ್ಲಿ ಮರಾಠಿಯ ಮಾತಿನಲ್ಲಿ ಮುಂದುವರಿಯುತ್ತದೆ. ಇಂಥದನ್ನು ಹೊಗಳುವುದು ಸುಲಭ, ಹಳೆಯ ಕಾಲದ್ದೆಂದು ತಳ್ಳಿಹಾಕುವುದು ಇನ್ನೂ ಸುಲಭ. ಕೃತಿಯೊಂದನ್ನು ಓದುವ ಶ್ರದ್ಧೆಯಿಂದ ಇದರ ಗುಣದೋಷಗಳನ್ನು ತೂಗಿ ನೋಡಬೇಕೆಂಬುದೇ ಈ ಬರೆಹದ ಉದ್ದೇಶ.

ಮೊದಲನೆಯ ಸರದಿ ಮಳೆಗಾಲದ ಮುಂಚೆ. ಆಳಂದಿಯಿಂದ ಜ್ಯೇಷ್ಠ ಬಹುಳ ಅಷ್ಟಮಿಯಂದು ಹೊರಡುವ ಜ್ಞಾನೇಶ್ವರರ ಪಾಲಕಿಯು ಪುಣೆಯಲ್ಲಿ ತಂಗಿ, ಘಾಟವನ್ನೇರಿ ಸಾಸವಡಕ್ಕೆ ಬಂದು ಎರಡು ರಾತ್ರಿ ಬಿಡಾರ ಮಾಡುತ್ತದೆ. ಸೋಪಾನದೇವರ ಪಾಲಕಿಯು ಈ ಊರಿನಿಂದಲೇ ಪಂಢರಪುರಕ್ಕೆ ಹೊರಡುತ್ತದೆ. ಪಾಲಕಿಯ ಸಂಗಡ ಬರುವ ವಾರಕರಿಗಳು ಶಾಲೆ ಛತ್ರ ಡೇರೆಗಳಲ್ಲಿ ಇಳಿದುಕೊಳ್ಳುವಂತೆಯೇ ಊರವರ ಪಡಸಾಲೆಗಳಲ್ಲಿಯೂ ಇಳಿದುಕೊಳ್ಳುವರಾದುದರಿಂದ, ಸೋರುವ ಮಾಡಿನ ಕೆಳಗೆ ಅತಿಥಿಯನ್ನು ಮಲಗಿಸಬೇಕಾದೀತೆಂಬ ಲಜ್ಜೆಯು ಮಳೆಯ ಭಯಕ್ಕಿಂತ ಮುಂದಾಗಿ ಮನೆಯವರನ್ನು ಏಣಿಯ ಬಳಿಗೆ ಕರೆತರುತ್ತದೆ. ನಿಜವಾಗಿ ಇದು ಪಂಚಾಂಗದ ಉಪಕಾರ. ಮೃಗಶಿರೆಯ ಮಳೆಗೂ ಪಾಲಕಿಗೂ ನಡುವೆ ಅಂತರವೇನೂ ಹೆಚ್ಚಿಲ್ಲದ ಕಾರಣ, ಮುಂದೂಡಬಹುದಾದ ಕೆಲಸವು ಮುಂದೂಡಲಾರದ ಕೆಲಸವಾಗುತ್ತದೆ.

ಹೆಂಚು ಕೈಯಾಡಿಸುವ ಆ ದಿನವನ್ನು ಹತ್ತಿರದಿಂದ ನೋಡಿದವರಿಗೆ ಅದರಲ್ಲಿ ಅಡಗಿರುವ ವಿದ್ಯೆಯ ಅರಿವಾಗುತ್ತದೆ. ನಾನು ಬಲ್ಲ ಒಂದು ಕನ್ನಡ ಮನೆಯಲ್ಲಿ ಹಿರಿಯರು ಮಾಡಿನ ಏಣಿನ ಮೇಲೆ ಕುಳಿತು ಒಂದೊಂದು ಹೆಂಚನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಗಟ್ಟಿ ಹೆಂಚು ಕಂಚಿನಂತೆ ಖಣಿಲೆನ್ನುವುದು, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟದ್ದು ಮಂಕಾಗಿ ದನಿಗೊಡುವುದು. ಮಗ ಏಣಿಯ ನಡುಮೆಟ್ಟಲಿನಲ್ಲಿ ನಿಂತು ಒಡೆದ ಹೆಂಚನ್ನು ಇಳಿಸಿಕೊಂಡು ಹೊಸದನ್ನು ಏರಿಸುತ್ತಿದ್ದನು. ಸೊಸೆಯು ಎರಡು ಇಳಿಜಾರುಗಳು ಕೂಡುವ ತಗ್ಗಿನಿಂದ ಬಿದ್ದ ಎಲೆಕಸವನ್ನು ಬುಟ್ಟಿಗೆ ತುಂಬುತ್ತಿದ್ದಳು. ಮೊಮ್ಮಕ್ಕಳ ಪಾಲಿನ ಕೆಲಸವೋ ಎಲ್ಲಕ್ಕಿಂತ ಸೊಗಸು. ಅವರು ಅಟ್ಟದ ಕತ್ತಲೆಯಲ್ಲಿ ಕುಳಿತು, ಹೆಂಚಿನ ಸಂದಿನಲ್ಲಿ ಎಲ್ಲಿ ಬೆಳಕಿನ ಚುಕ್ಕೆ ಕಂಡರೂ "ಅಜ್ಜಾ, ಇಲ್ಲೊಂದು ಬೆಳಕ ಕಾಣಸ್ತದ ನೋಡ್ರಿ" ಎಂದು ಕೂಗಿ ಹೇಳಬೇಕು, ಅಜ್ಜನು ಮೇಲಿನಿಂದ ಆ ಜಾಗದ ಹೆಂಚನ್ನು ಅಲುಗಿಸಿ, "ಈಗ?" ಎಂದು ಕೇಳುವನು, "ಇನ್ನೂ ಐತ್ರಿ" ಎಂದರೆ ಮತ್ತೊಮ್ಮೆ. ಆ ಮಾಡಿನ ಮೇಲಿನ ಹೆಂಚು ಕನ್ನಡ ನಾಡಿನ ಮಣ್ಣಿನದೆಂಬುದನ್ನು ಇಲ್ಲಿ ಹೇಳದೆ ಹೋಗಲಾರೆ: ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಆ ಮಾದರಿಯ ಹೆಂಚು ಪಶ್ಚಿಮ ತೀರದ ಉದ್ದಕ್ಕೂ ಹಬ್ಬಿ, ಘಟ್ಟದ ಮೇಲಿನ ಊರುಗಳ ಮನೆಗಳನ್ನೂ ಹೊದಿಸಿತು.

ಈ ಪದ್ಧತಿಯ ಪ್ರಥಮ ಗುಣವು ಹಣದ ಉಳಿತಾಯವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸತ್ಯವೇ ಆದರೂ ಗೌಣ. ಮನೆಯವರೆಲ್ಲ ವರ್ಷಕ್ಕೊಮ್ಮೆ ತಮ್ಮ ಮನೆಯ ತೊಲೆ ಜಂತಿಗಳನ್ನು ಮುಟ್ಟಿ ನೋಡುತ್ತಾರೆ. ಯಾವ ಕಂಬದ ಬುಡಕ್ಕೆ ಗೆದ್ದಲು ಹತ್ತಿದೆ, ಯಾವ ಗೋಡೆ ಮಳೆಯ ದಿಕ್ಕಿಗಿದ್ದು ಪ್ರತಿ ಸಲ ಉಬ್ಬುತ್ತದೆ, ಯಾವ ಹೊಸ್ತಿಲ ಕೆಳಗೆ ನೀರು ನಿಲ್ಲುತ್ತದೆ ಎಂಬ ಜ್ಞಾನವು ತಾತನಿಂದ ಮೊಮ್ಮಗಳವರೆಗೆ ಯಾವ ಬರೆಹವೂ ಇಲ್ಲದೆ ಇಳಿದುಬರುತ್ತದೆ. ದೋಷವು ಸಣ್ಣದಿರುವಾಗಲೇ ಕಣ್ಣಿಗೆ ಬೀಳುತ್ತದೆ. ಇದೇ ಇದರ ಪರಮಪ್ರಯೋಜನವೆಂದು ನಾನು ಭಾವಿಸಿದ್ದೇನೆ. ಇದಕ್ಕೆ ವ್ಯತಿರೇಕವಾದ ನಿದರ್ಶನವೂ ಸಾಸವಡದಲ್ಲಿಯೇ ಉಂಟು. ಪುರಂದರೆಯವರ ವಾಡೆಯ ಹೆಬ್ಬಾಗಿಲು, ಬುರುಜುಗಳು, ಭಾರಿ ಕಲ್ಲುಗೋಡೆಗಳು ಈ ಹೊತ್ತಿಗೂ ದಿಟ್ಟವಾಗಿ ನಿಂತಿವೆ. ಒಳಗಿನ ಬಹುಭಾಗ ಪಾಳುಬಿದ್ದಿದೆ. ಮಹಾರಾಷ್ಟ್ರದ ವಾಡೆಗಳ ಅವಸಾನಕ್ಕೆ ಕಾರಣಗಳು ಅನೇಕ. ಆಸ್ತಿಯು ಹಲವು ಪಾಲುದಾರರಲ್ಲಿ ಹಂಚಿಹೋದಾಗ ಸೋರುವ ಮಾಡು ಯಾರ ಪಾಲಿಗೂ ಬರಲಿಲ್ಲ. ಪುಣೆಯಂಥ ನಗರದಲ್ಲಿ 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಯನ್ನು ಹಿಡಿದು ನಿಲ್ಲಿಸಿದ್ದರಿಂದ, ದುರಸ್ತಿಯ ವೆಚ್ಚವೂ ಹುಟ್ಟದೆಂದು ಮಾಲಕರು ಕೈಚೆಲ್ಲಿದರು, ತಮ್ಮದಲ್ಲದ ಮನೆಗೆ ಖರ್ಚೇಕೆಂದು ಬಾಡಿಗೆಯವರೂ ಸುಮ್ಮನಿದ್ದರು. ಒಟ್ಟಿನಲ್ಲಿ, ವರ್ಷಕ್ಕೊಮ್ಮೆ ಮಾಡನ್ನು ಏರತಕ್ಕ ಕಾಲುಗಳು ಇಲ್ಲವಾದಂದಿನಿಂದಲೇ ಮನೆಯ ಕ್ಷಯ ಆರಂಭವಾಯಿತು.

ಎರಡನೆಯ ಸರದಿ ಘಟಸ್ಥಾಪನೆಯ ಮುಂಚೆ ಬರುತ್ತದೆ. ದೀಪಾವಳಿಯವರೆಗೂ ಕೆಲಮಟ್ಟಿಗೆ ನಡೆಯುತ್ತದೆ. ಇದು ಸುಣ್ಣದ ಸರದಿ. ಹಿಂದಿನ ದಿನವೇ ಸುಣ್ಣದ ಹರಳುಗಳನ್ನು ನೀರಿಗೆ ಹಾಕಿ ಅರಳಿಸಿ, ಆರಿದ ಮೇಲೆ ಹಳೆಯ ಪಂಚೆಯಲ್ಲಿ ಸೋಸಿ, ಒಂದಿಷ್ಟು ಅಂಟನ್ನೂ ಚಿಟಿಕೆ ನೀಲಿಯನ್ನೂ ಬೆರೆಸಿ, ಗೋಡೆಗೆ ಮೊದಲು ನೀರು ಚಿಮುಕಿಸಿ ಬಳಿಯತೊಡಗುವರು. ಹಸಿಯಾಗಿರುವಾಗ ಸುಣ್ಣವು ಗೋಡೆಯ ಮೇಲೆ ಕಂಡೂ ಕಾಣದಂತಿರುತ್ತದೆ, ಒಣಗುತ್ತ ಹೋದಂತೆ ಬೆಳ್ಳಗಾಗುತ್ತದೆ. ಇದನ್ನರಿಯದ ಹೊಸಬರು ಬಣ್ಣ ಏರಲಿಲ್ಲವೆಂದು ದಪ್ಪನಾಗಿ ಮೆತ್ತಿ, ಆರು ತಿಂಗಳಲ್ಲಿ ಅದು ಹಕ್ಕಳೆಯಾಗಿ ಉದುರಿದಾಗ ಸುಣ್ಣವನ್ನೇ ದೂರುವರು. ತೆಳುವಾಗಿ ಎರಡು ಮೂರು ಸಲ ಬಳಿದದ್ದೇ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅದರ ಕ್ಷಾರಗುಣಕ್ಕೆ ಬೂಷ್ಟು ಹುಳುಗಳು ಸುಲಭವಾಗಿ ನಿಲ್ಲಲಾರವು; ಗೋಡೆಯೊಳಗಿನ ತೇವ ಅದರ ಮುಖಾಂತರ ಹೊರಗೆ ಹೋಗಬಲ್ಲದು. ಪೇಟೆಯಲ್ಲಿ ಸಿಕ್ಕುವ ಹೊಳಪಿನ ಬಣ್ಣಗಳ ಮುಂದೆ ಸುಣ್ಣವು ಬಡವಾಗಿ ಕಂಡರೂ, ಮಣ್ಣು ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆಗೆ ಅದಕ್ಕಿಂತ ತಕ್ಕ ಹೊದಿಕೆಯಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಸುಣ್ಣ ಬಳಿಯುವ ಈ ಉತ್ಸಾಹದ ಬದಿಯಲ್ಲಿಯೇ ಪದ್ಧತಿಯ ಒಂದು ಘೋರವಾದ ಅನ್ಯಾಯವೂ ನಡೆಯುತ್ತಿರುತ್ತದೆ. ನವರಾತ್ರಿಗೆ ಮುನ್ನ ಮನೆಯ ಕೌದಿ, ಜಮಖಾನೆ, ಹಾಸಿಗೆಯ ಬಟ್ಟೆಗಳೆಲ್ಲವನ್ನೂ ಒಗೆದು ಹಾಕತಕ್ಕದ್ದೆಂಬ ನಿಯಮ ಕರ್ನಾಟಕದ ಉತ್ತರಭಾಗದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಸಮಾನವಾಗಿದೆ. ಹಳೆಯ ಸೀರೆ ಧೋತರಗಳ ಎಷ್ಟೋ ಪದರಗಳನ್ನು ಕೂಡಿಸಿ ಹೊಲಿದ ಕೌದಿಯು ನೀರು ಕುಡಿದ ಮೇಲೆ ಒಬ್ಬರ ಕೈಗೆ ಏಳಲಾರದು. ಅದನ್ನು ಕಲ್ಲಿನ ಮೇಲೆ ಬಡಿದು, ಇಬ್ಬರು ಎದುರುಬದುರಾಗಿ ನಿಂತು ಹಿಂಡಿ, ದಂಡೆಯ ಮೇಲೆಯೋ ಮಾಳಿಗೆಯ ಮೇಲೆಯೋ ಹರವಬೇಕು. ಆ ಇಬ್ಬರೂ ಹೆಂಗಸರೇ. ಅತ್ತೆಗೆ ವಯಸ್ಸಾಗಿದ್ದರೆ ನೆಗೆಣ್ಣಿಯರು, ಇಲ್ಲವೆ ತಾಯಿ ಮಗಳು. ನೀರಿನ ಅಭಾವವನ್ನು ಚೆನ್ನಾಗಿ ಬಲ್ಲ ಈ ತಾಲೂಕಿನಲ್ಲಿ ಆ ನೀರನ್ನು ಹೊಂಚಿಕೊಳ್ಳುವ ಚಿಂತೆಯೂ ಅವರದೇ. ಅದರ ಬೆನ್ನಿಗೇ ಒಂಬತ್ತು ದಿನಗಳ ಉಪವಾಸವೂ ಅವರದೇ. ಗಂಡಸರು ಒಂದು ಭಾನುವಾರ ಕುಂಚ ಹಿಡಿದರೆ ಬೀದಿಯೆಲ್ಲ ಅದನ್ನು ಕಂಡು ಮೆಚ್ಚುತ್ತದೆ, ಹೆಂಗಸರ ಹದಿನೈದು ದಿನಗಳ ದುಡಿಮೆ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮನೆಮಂದಿಯೆಲ್ಲ ಕೂಡಿ ಮಾಡಿದೆವೆಂಬ ಮಾತು ಇಲ್ಲಿ ಅರ್ಧಸತ್ಯವಾಗುತ್ತದೆ. ಆ ಇನ್ನರ್ಧವನ್ನು ತುಂಬದ ಹೊರತು ಪದ್ಧತಿಗೆ ಪೂರ್ಣ ಅಂಕ ಕೊಡಲು ನನ್ನ ಮನಸ್ಸು ಒಪ್ಪದು.

ಮತ್ತೊಂದು ದೋಷವು ಇದಕ್ಕಿಂತಲೂ ಭಯಂಕರ, ಯಾಕೆಂದರೆ ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಪ್ರೀತಿಯಿಂದ ಮಾಡಿದ ದುರಸ್ತಿಯೆಲ್ಲವೂ ಒಳ್ಳೆಯ ದುರಸ್ತಿಯೆಂದು ನಂಬುವುದು ಕೌಟುಂಬಿಕ ಕೈಗೆಲಸದ ಸಹಜವಾದ ಮೋಹ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ನಮ್ಮ ಗಡಿಗೆ ಹತ್ತಿದ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಭೂಮಿಯ ಕಂಪನ ಮಾತ್ರವೇ ಅವರನ್ನು ಕೊಲ್ಲಲಿಲ್ಲ. ಮಣ್ಣಿನಲ್ಲಿ ಕೂಡಿಸಿದ ಕಾಡುಗಲ್ಲಿನ ದಪ್ಪ ಗೋಡೆಗಳೂ, ಅವುಗಳ ಮೇಲೆ ಕೂತಿದ್ದ ಮಣ್ಣಿನ ಮಾಳಿಗೆಗಳೂ ಕುಸಿದು ಕೊಂದವು. ಸೋರಬಾರದೆಂದು ಮಳೆಗಾಲದ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದು ಆ ಸೀಮೆಯ ವಾಡಿಕೆ. ನಮ್ಮ ವಿಜಾಪುರ ಕಲಬುರಗಿಗಳ ಕಡೆಗೂ ಅದುಂಟು. ಹಳೆಯ ಮಣ್ಣನ್ನು ಕೆರೆದು ಇಳಿಸದೆ ಹೊಸದನ್ನೇ ಏರಿಸುತ್ತ ಬಂದರೆ, ತಲೆಮಾರುಗಳ ಮೇಲೆ ಅದರ ಭಾರ ಎಷ್ಟಾದೀತು! ಒಂದೊಂದು ಬುಟ್ಟಿಯನ್ನೂ ಮನೆಯವರೇ, ಮನೆಯ ಒಳಿತಿಗಾಗಿಯೇ, ಹೊತ್ತು ಹಾಕಿದ್ದರು.

ಸಾಸವಡದಂಥ ಊರುಗಳಲ್ಲಿ ಇಂದು ಕಾಣುವ ತಪ್ಪು ಬೇರೆಯದು: ಸುಣ್ಣದ ಗಾರೆ ಉದುರಿದಲ್ಲಿ ಸಿಮೆಂಟು ಮೆತ್ತುವುದು. ಸಿಮೆಂಟು ಬಿರುಸು, ಹಳೆಯ ಗೋಡೆಯೊಂದಿಗೆ ಅದು ಹಿಗ್ಗಿ ಕುಗ್ಗಲಾರದು, ತೇವವನ್ನು ಹೊರಕ್ಕೆ ಬಿಡದು. ಎರಡು ಮಳೆಗಾಲ ಚೆಂದವಾಗಿದ್ದು, ಮೂರನೆಯದರಲ್ಲಿ ಒಳಗಿನ ಇಟ್ಟಿಗೆಯನ್ನೂ ಕಿತ್ತುಕೊಂಡು ಬೀಳುತ್ತದೆ. ರಜೆಯಲ್ಲಿ ಮಕ್ಕಳ ಕೈಗೆ ಉಪ್ಪುಕಾಗದ ಕೊಟ್ಟು ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣವನ್ನು ಉಜ್ಜಿಸುವುದೂ ಅಷ್ಟೇ ಅವಿವೇಕ. ಮನೆಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಮಿತಿಗೊಳಿಸಿದ ನಿಯಮಗಳು ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿದ್ದೀತು, ಮತ್ತು ಸೀಸವು ಎಳೆಯ ಮಿದುಳಿಗೆ ವಿಷ.

ಹಾಗಾದರೆ ಎಲ್ಲವನ್ನೂ ಗುತ್ತಿಗೆದಾರನಿಗೆ ಒಪ್ಪಿಸಿ ಮನೆಯವರು ಕೈಕಟ್ಟಿ ಕೂರುವುದು ಲೇಸೆ? ಖಂಡಿತ ಅಲ್ಲ. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿದೆ. ಅಲ್ಲಿ 1907ರಲ್ಲಿ ಪುನಃ ಕಟ್ಟಿದ ಮಣ್ಣಿನ ಮಹಾಮಸೀದಿಗೆ ವರ್ಷವರ್ಷವೂ ಊರ ಜನವೆಲ್ಲ ಸೇರಿ ಹಬ್ಬದಂತೆ ಮಣ್ಣು ಮೆತ್ತುತ್ತಾರೆ. ತರುಣರು ಮಣ್ಣು ಹೊರುತ್ತಾರೆ, ಹೆಂಗಸರು ನೀರು ತರುತ್ತಾರೆ; ಆದರೆ ಎಷ್ಟು ಮಣ್ಣು, ಯಾವ ಹದ, ಎಲ್ಲಿಗೆ ಎಂಬುದನ್ನು ನಿರ್ಣಯಿಸುವವರು ಪರಂಪರೆಯ ಹಿರಿಯ ಗವಂಡಿಗಳು. ಜನರ ಕೈ ಮತ್ತು ಕುಶಲಿಯ ಕಣ್ಣು ಎರಡೂ ಅಲ್ಲಿ ಕೂಡಿವೆ. ಸಾಸವಡದ ಪದ್ಧತಿಯಲ್ಲಿ ಮೊದಲನೆಯದು ಸಮೃದ್ಧವಾಗಿದೆ, ಎರಡನೆಯದು ಕ್ಷೀಣಿಸುತ್ತಿದೆ; ಸುಣ್ಣದ ಗಾರೆಯನ್ನು ಬಲ್ಲ ಗವಂಡಿಯೂ, ಕುಂಬಾದ ತೊಲೆಯ ತುದಿಯನ್ನಷ್ಟೇ ಕೊಯ್ದು ಹೊಸ ಮರವನ್ನು ಬೆಸೆಯಬಲ್ಲ ಬಡಿಗನೂ ಕೆಲಸವಿಲ್ಲದೆ ಬೇರೆ ದಾರಿ ಹಿಡಿಯುತ್ತಿದ್ದಾರೆ.

ಎಲ್ಲವನ್ನೂ ತೂಗಿ ನೋಡಿದಾಗ, ಈ ಪದ್ಧತಿಯು ಉಳಿಯತಕ್ಕದ್ದೆಂದೇ ನನ್ನ ತೀರ್ಪು. ಆದರೆ ಇದ್ದಂತೆ ಉಳಿಯತಕ್ಕದ್ದಲ್ಲ. ಹೆಂಚು ಕೈಯಾಡಿಸುವುದು, ನೀರಿಳಿಯುವ ದಾರಿಯನ್ನು ಬಿಡಿಸುವುದು, ಸುಣ್ಣ ಬಳಿಯುವುದು, ಕದಕ್ಕೆ ಎಣ್ಣೆ ಹಚ್ಚುವುದು, ಇವು ಮನೆಯವರ ಕೈಯಲ್ಲಿಯೇ ಇರಲಿ. ಸುಣ್ಣ ಅರಳಿಸುವಾಗ ಮಕ್ಕಳು ದೂರವಿರಲಿ, ಅದರ ಒಂದು ಸಿಡಿತವೇ ಕಣ್ಣನ್ನು ಕೆಡಿಸಲು ಸಾಕು. ಭಾರ ಹೊರುವ ಗೋಡೆಗೂ ತೊಲೆಗೂ ಕುಶಲಿಯನ್ನು ಕರೆಯದೆ ಕೈ ಹಾಕಬೇಡಿರಿ. ಕರೆದಾಗ ಅವನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿರಿ, ಮನೆಯ ಒಬ್ಬ ಹುಡುಗನೋ ಹುಡುಗಿಯೋ ದಿನವೆಲ್ಲ ಅವನ ಬದಿಯಲ್ಲಿ ನಿಂತು ನೋಡಲಿ. ಇನ್ನು ಬರುವ ನವರಾತ್ರಿಗೆ ಕೌದಿ ಹಿಂಡುವಾಗ ಒಂದು ತುದಿಯನ್ನು ಮನೆಯ ಗಂಡಸರು ಹಿಡಿಯಿರಿ.